ನಾಳೆ ಬಾ ಅನ್ನದ ಟೇಲರ್

ಮನೆಮನೆಗೆ ಹೋಗಿ ಮಕ್ಕಳಿಗೆ ಲಸಿಕೆ ಹಾಕಿ ಹಾಕಿ ಆ ನರ್ಸಿಗೆ ಸೂಜಿಯಕ್ಕ ಎಂದೇ ಹೆಸರು ಬಿದ್ದಿತ್ತು. ಅವಳ ದನಿ ಕೇಳಿದರೆ ಮಂಚದಡಿ ನುಸುಳುತ್ತಿದ್ದ ಹುಡುಗರೆಲ್ಲ ಈಗ ಮೀಸೆ ಬಿಟ್ಟುಕೊಂಡು ಬಸ್ ನಿಲ್ದಾಣದಲ್ಲಿ ನಿಂತಿರುತ್ತಿದ್ದರು. ಅವರಲ್ಲೇ ಕೆಲವರು ಚಾಕು ಏಟು ತಿಂದು ಆಸ್ಪತ್ರೆಗೆ ಬರತೊಡಗಿದಾಗ ಅವಳಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಇವತ್ತು ಗಾಯಗೊಂಡವನ ಮಂಚದ ಪಕ್ಕ ಹಲ್ಲು ಕಚ್ಚಿಕೊಂಡು ನಿಂತವನೇ ಮುಂದೆ ಇನ್ನೊಬ್ಬನಿಗೆ ಇರಿಯುತ್ತಿದ್ದ. ಆ ಇನ್ನೊಬ್ಬನ ಪಕ್ಕದಲ್ಲಿ ಮತ್ತೊಬ್ಬ ಹಲ್ಲು ಕಚ್ಚುತ್ತಿದ್ದ. ಜ್ವರ ಹರಡುವುದೂ ಹೀಗೇ ಅಲ್ಲವೇ ಎಂದುಕೊಂಡಳು. ಅಲ್ಲಿಂದಾಚೆಗೆ ಯಾರಿಗೇ ಇರಿತವಾದರೂ ಗಾಯ ನೋಡುವುದನ್ನು ಡಾಕ್ಟರಿಗೆ ಬಿಟ್ಟು, ಪಕ್ಕದಲ್ಲಿ ನಿಂತವರ ಮುಖ ನೋಡುವುದನ್ನು ತನ್ನ ಕೆಲಸ ಮಾಡಿಕೊಂಡಳು.

ದೊಡ್ಡ ಡಾಕ್ಟರಿಗೆ ಇದು ಸರಿಬರಲಿಲ್ಲ.

"ಬೀದಿ ಜಗಳ ಪೊಲೀಸರಿಗೆ ಬಿಡಿ ಅಕ್ಕ. ನಾಳೆ ನಿಮಗೇ ಯಾರಾದ್ರೂ ಇರಿದ್ರೆ ನಾನೇ ಹೊಲೀಬೇಕಾಗತ್ತೆ."

"ಹೊಲೀರಿ ಸಾರ್. ನಿಮ್ಮ ಕೈಯ ಹೊಲಿಗೆ ಸಣ್ಣದಾಗಿರತ್ತೆ, ಕಲೆ ಉಳಿಯಲ್ಲ."

"ನಾನು ತಮಾಷೆ ಮಾಡ್ತಿಲ್ಲ."

"ನಾನೂ ಮಾಡ್ತಿಲ್ಲ. ವಾಂತಿಭೇದಿ ಬಂದಾಗ ಯಾವ ನೀರು ಕೆಟ್ಟಿದೆ ಅಂತ ಹುಡುಕೋಕೆ ಕಳಿಸಿದವರು ನೀವೇ ತಾನೇ? ಇದಕ್ಕೆ ಮಾತ್ರ ಮಂಚ ಖಾಲಿಯಾಗೋದನ್ನ, ತುಂಬೋದನ್ನ ನೋಡ್ತಾ ಕೂತಿರಲಾ?"

ಡಾಕ್ಟರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದರು. ಒಪ್ಪಿದೆ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಅವಳು ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡು ಹೊರಟುಬಿಟ್ಟಳು.

ಆವತ್ತು ಬೆಳಿಗ್ಗೆ ಬಂದದ್ದು ಟೇಲರನ ಕಿರಿಯ ಮಗ. ಆಟೋ ನಿಲ್ಲಿಸುವ ಜಾಗಕ್ಕಾಗಿ ಬಸ್ಸಿನ ಕ್ಲೀನರ್ ಒಬ್ಬನ ಜೊತೆ ಮಾತಿಗೆ ಮಾತು ಬೆಳೆದು, ಪಕ್ಕೆಗೆ ಚಾಕು ಬಿದ್ದಿತ್ತು. ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರು. ಕ್ಲೀನರನನ್ನು ಪೊಲೀಸರು ಎಳೆದುಕೊಂಡು ಹೋಗಿದ್ದರು. ಆದರೆ ಅವನ ಅಣ್ಣ, ಸೈಕಲ್ ರಿಪೇರಿಯವನು, ಹೊರಗೇ ಇದ್ದ. ಅಲ್ಲಿಗೆ ಮುಂದಿನ ಗಾಯ ಯಾರ ಮೈಮೇಲೆ ಎಂಬುದು ಸೂಜಿಯಕ್ಕನಿಗೆ ಗೊತ್ತಾಯಿತು. ಯಾರ ಕೈಯಿಂದ ಎಂಬುದೂ ಗೊತ್ತು ಎಂದುಕೊಂಡಳು.

ಟೇಲರನ ಹಿರಿಯ ಮಗನನ್ನು ಎಲ್ಲರೂ ಗುಡುಗು ಅನ್ನುತ್ತಿದ್ದರು. ಅವನು ವರಾಂಡದ ಕಂಬ ಗುದ್ದುತ್ತಾ, ಆ ಮನೆಯಲ್ಲಿ ಒಬ್ಬರನ್ನೂ ಉಳಿಸಲ್ಲ ಎಂದು ಕೂಗಾಡುತ್ತಿದ್ದ. ಸೂಜಿಯಕ್ಕ ಅವನಿಗೆ ಅಂಟಿಕೊಂಡು ಕೂತಳು. ಸುಮ್ಮನಿರು ಎಂದು ಒಮ್ಮೆಯೂ ಹೇಳಲಿಲ್ಲ. ಔಷಧಿ ತಾ ಎಂದಳು, ತಮ್ಮನಿಗೆ ದಿಂಬು ಸರಿಮಾಡು ಎಂದಳು, ನೀರು ಹಿಡಿದು ತಾ ಎಂದಳು. ಕೈಗೆ ಕೆಲಸ ಸಿಕ್ಕಂತೆ ಹುಡುಗನ ದನಿ ಇಳಿಯುತ್ತಾ ಬಂತು.

ಅವರಪ್ಪ ಮಾತ್ರ ಮಗನ ಕಾಲಬಳಿ ಗೊಂಬೆಯ ಹಾಗೆ ಕೂತಿದ್ದ. ಇರುವೆಗೂ ದಾರಿ ಬಿಟ್ಟು ನಡೆಯುವ ಮನುಷ್ಯ. "ಅಣ್ಣ, ಸ್ವಲ್ಪ ಹೊತ್ತು ಅಂಗಡಿ ಕಡೆ ಹೋಗಿ ಬನ್ನಿ. ಇಲ್ಲಿ ನಾವಿದೀವಿ," ಎಂದು ಅವಳೇ ಅವನನ್ನು ಎಬ್ಬಿಸಿ ಕಳಿಸಿದಳು.

ಮಧ್ಯಾಹ್ನದ ಪಾಳಿಗೆ ಬಂದ ಆಯಾ ಬಾಗಿಲಲ್ಲೇ ಗೊಣಗತೊಡಗಿದಳು. "ನೋಡಕ್ಕ, ನನ್ನ ಮಗಳ ಯೂನಿಫಾರಂ ಬಟ್ಟೆ. ಕತ್ತರೀನೂ ತಾಗಿಸದೆ ಮಡಚಿ ವಾಪಸ್ ಕೊಟ್ಟ. ಬೇರೆ ಕಡೆ ಹೊಲಿಸ್ಕೊಳ್ಳಿ ಅಂದ. ನನಗೊಬ್ಬಳಿಗೇ ಅಲ್ಲ, ಅಲ್ಲಿದ್ದ ಬಟ್ಟೆ ಎಲ್ಲ ಹಂಚ್ತಾ ಇದಾನೆ."

"ಯಾರು?"

"ಇನ್ಯಾರು, ಈ ಹುಡುಗನ ಅಪ್ಪ. ನಾಳೆ ಬಾ, ನಾಳೆ ಬಾ ಅಂತ ಎರಡು ಹಬ್ಬ ದಾಟಿಸೋನು, ಇವತ್ತು ನಾಳೆ ಅನ್ನೋ ಮಾತೇ ಎತ್ತಲಿಲ್ಲ."

ಸೂಜಿಯಕ್ಕ ಕೂತಲ್ಲಿಂದ ಎದ್ದಳು. ಟೇಲರ್ ಅಂದಮೇಲೆ ನಾಳೆ ಬಾ ಅನ್ನಲೇಬೇಕು. ಇವನ ಪಾಲಿಗೆ ನಾಳೆಯೇ ಮುಗಿದಿದೆ. ಎಷ್ಟೋ ವರ್ಷ ಜ್ವರದ ಹಿಂದೆ ತಿರುಗಿದವಳು ಮೈಸುಡುವವನನ್ನು ಹಿಡಿದು ಕೂತು, ಒಳಗೇ ಬೇಯುತ್ತಿದ್ದವನನ್ನು ಕೈಯಾರೆ ಹೊರಗೆ ಕಳಿಸಿದ್ದಳು. ಗುಡುಗನನ್ನು ಆಯಾಳ ವಶಕ್ಕೆ ಒಪ್ಪಿಸಿ ಓಡಿದಳು.

ಅಂಗಡಿಯಲ್ಲಿ ಹೊಲಿಗೆ ಯಂತ್ರಕ್ಕೆ ಹೊದಿಕೆ ಹಾಕಿತ್ತು. ನೆಲ ಗುಡಿಸಿ, ಚಿಂದಿಯನ್ನೆಲ್ಲ ಒಂದು ಮೂಲೆಗೆ ಸೇರಿಸಿತ್ತು. ಟೇಲರ್ ಮೆಟ್ಟಿಲಿಳಿಯುತ್ತಿದ್ದ. ಕಂಕುಳಲ್ಲಿ ಬಟ್ಟೆ ಸುತ್ತಿದ ಉದ್ದನೆಯ ಕತ್ತರಿ.

"ಎಲ್ಲಿಗಣ್ಣ?"

"ಸಾಣೆ ಹಿಡಿಸೋಕೆ."

"ಸಾಣೆಯವನ ಅಂಗಡಿ ಆ ಕಡೆ. ಈ ಕಡೆ ಇರೋದು ಸೈಕಲ್ ಅಂಗಡಿ."

ಅವನು ತಲೆಯೆತ್ತಲಿಲ್ಲ. "ದಾರಿ ಬಿಡಕ್ಕ."

"ಇರಿದವನು ಲಾಕಪ್ಪಲ್ಲಿದಾನೆ. ಅವನ ಅಣ್ಣ ಏನು ಮಾಡಿದಾನೆ?"

"ನನ್ನ ಮಗ ಏನು ಮಾಡಿದ್ದ?"

ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದ, ಅವಳೂ ಸರಿದಳು.

"ನಮ್ಮಣ್ಣನೂ ಹೀಗೇ ಹೊರಟಿದ್ದ," ಎಂದಳು ಮೆಲ್ಲಗೆ. "ನಮ್ಮಪ್ಪನಿಗೆ ಹೊಡೆದವರನ್ನ ಹುಡುಕ್ಕೊಂಡು. ಭೇಷ್ ಗಂಡಸೇ ಅಂದ್ರು ಎಲ್ಲರೂ. ಆಮೇಲೆ ಜೈಲಿಗೆ ಅವನನ್ನ ನೋಡೋಕೆ ಹೋಗ್ತಿದ್ದವಳು ನಾನೊಬ್ಬಳೇ, ಕೊನೆಕೊನೆಗೆ ಎಷ್ಟೋ ವರ್ಷ ನಾನೂ ಹೋಗಲಿಲ್ಲ. ಹೊರಗೆ ಬಂದಾಗ ನಮ್ಮ ಮನೆ ಬಾಗಿಲಲ್ಲೇ ನಿಂತು, ಅಮ್ಮ ಇದಾರಾ ಅಂತ ನನ್ನನ್ನೇ ಕೇಳಿದ. ಗುರುತು ಸಿಗಲಿಲ್ಲ ಅವನಿಗೆ."

ಟೇಲರ್ ಕತ್ತರಿಯನ್ನು ಕಂಕುಳಲ್ಲಿ ಇನ್ನಷ್ಟು ಒತ್ತಿಕೊಂಡ. "ನಾನು ಸುಮ್ಮನಿದ್ರೆ ಬೀದಿಯಲ್ಲಿ ಮುಖ ಎತ್ತಿ ಹೇಗೆ ತಿರುಗಲಿ? ಮಗನ ರಕ್ತ ನೋಡ್ಕೊಂಡು ಗುಂಡಿ ಹಾಕ್ತಾ ಕೂತಿದ್ದ ಅಂತಾರೆ."

ಆಗ ಅವಳಿಗೆ ತಿಳಿಯಿತು. ಈ ಮನುಷ್ಯನಿಗೆ ಕೊಲ್ಲುವ ಆಸೆಯಿಲ್ಲ. ಹೋಗದೆ ಇರುವುದಕ್ಕೆ ಒಂದು ನೆಪವಿಲ್ಲ, ಅಷ್ಟೇ. ಆ ನೆಪ ತಾನೇ ಆಗಿಬಿಟ್ಟಳು. ನಡುಬೀದಿಯಲ್ಲಿ ನಿಂತು ಅವನ ತೋಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಬೀದಿಗೆ ಬೀದಿಯೇ ಕೇಳುವ ಹಾಗೆ ದನಿ ಎತ್ತರಿಸಿದಳು.

"ಬಿಡಲ್ಲ! ಏನು ಮಾಡ್ಕೊಳ್ತೀರೋ ಮಾಡ್ಕೊಳ್ಳಿ, ನಾನು ಬಿಡಲ್ಲ!"

ಚಹಾ ಅಂಗಡಿಯ ಬೆಂಚು ಖಾಲಿಯಾಯಿತು. ಮಹಡಿಯ ಕಿಟಕಿಗಳು ತೆರೆದವು. ಹಮಾಲಿಯೊಬ್ಬ ತಲೆಯ ಮೂಟೆ ಇಳಿಸಿ, "ಅಪ್ಪನ ಹೊಟ್ಟೆಯ ಉರಿ ನಿನಗೇನಮ್ಮ ಗೊತ್ತು? ಹೋಗಲಿ ಬಿಡು," ಎಂದ. ಹಿಂದಿನಿಂದ ಯಾರೋ, "ಸೂಜಿ ಚುಚ್ಚೋದು ಬಿಟ್ಟು ಮೂಗು ತೂರಿಸೋಕೆ ಶುರು ಮಾಡಿದಾಳೆ," ಎಂದರು. ಒಂದಿಷ್ಟು ನಗು ಹರಿದಾಡಿತು.

"ಹೋಗಲಿ ಅಂತೀರಲ್ಲ, ಸರಿ," ಎಂದು ಅವಳು ಅವರತ್ತ ತಿರುಗಿದಳು, ತೋಳು ಮಾತ್ರ ಬಿಡದೆ. "ಇವರ ಮೇಲೆ ಕೇಸಾದಾಗ ಕೋರ್ಟಿಗೆ ಯಾರು ಬರ್ತೀರ? ಆಸ್ಪತ್ರೆಯಲ್ಲಿರೋ ಹುಡುಗನಿಗೆ ಗಂಜಿ ಯಾರು ಕುಡಿಸ್ತೀರ? ಕೈ ಎತ್ತಿ, ಈಗಲೇ ಇವರನ್ನ ಬಿಟ್ಟುಬಿಡ್ತೀನಿ."

ಹಮಾಲಿ ಮೂಟೆಯ ಹಗ್ಗ ಸರಿಮಾಡಿಕೊಳ್ಳತೊಡಗಿದ. ಒಂದು ಕಿಟಕಿ ಮೆಲ್ಲಗೆ ಮುಚ್ಚಿಕೊಂಡಿತು. ಯಾರ ಕೈಯೂ ಮೇಲೇಳಲಿಲ್ಲ.

ಟೇಲರ್ ಬೈಯಲು ಶುರುಮಾಡಿದ. ಹಾಳು ಹೆಂಗಸು ಎಂದ, ಮಾನಗೆಟ್ಟವಳು ಎಂದ, ಇವಳಿಲ್ಲದಿದ್ದರೆ ಇವತ್ತು ಆ ಸೈಕಲ್ ಅಂಗಡಿಯವನ ಕಥೆ ಮುಗಿದಿರುತ್ತಿತ್ತು ಎಂದ. ಅವಳು ಒಂದೊಂದು ಮಾತಿಗೂ ಹೂಂಗುಟ್ಟುತ್ತಾ ಹೋದಳು. ಬೈಯುತ್ತಾ ಬೈಯುತ್ತಾ ಅವನ ದನಿ ಒಡೆಯಿತು. ಹಿಂದೆ ಸರಿದು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಕತ್ತರಿಯನ್ನು ಅವಳು ಕೇಳಲಿಲ್ಲ. ಅವನೇ ಕೈಚಾಚಿ ಒಳಗೆ ಯಂತ್ರದಡಿಗೆ ತಳ್ಳಿದ.

"ಎಲ್ಲರೆದುರಿಗೆ ನನ್ನ ಮಾನ ಕಳೆದೆ ನೀನು."

"ಕಳೆದೆ. ಸಾಯೋತನಕ ನನ್ನ ಹೆಸರು ಹೇಳಿ ಬೈಕೊಂಡು ತಿರುಗಿ. ಈಗ ಏಳಿ, ಮಗ ಕಣ್ಣು ಬಿಡೋ ಹೊತ್ತು."

ಆಸ್ಪತ್ರೆಯವರೆಗೂ ಅವನು ಅವಳಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದ, ಸಿಟ್ಟಿನಲ್ಲಿ. ಮಗನ ಹಣೆಯ ಮೇಲೆ ಕೈಯಿಟ್ಟ ಮೇಲೆ ಮಾತ್ರ ಅವನ ಭುಜ ನಡುಗಿದ್ದು ಬಾಗಿಲಾಚೆಯಿಂದ ಕಾಣಿಸಿತು. ಸೂಜಿಯಕ್ಕ ಒಳಗೆ ಹೋಗಲಿಲ್ಲ. ವರಾಂಡದಲ್ಲಿ ಎದುರಾದ ದೊಡ್ಡ ಡಾಕ್ಟರು ಅವಳ ಕೆದರಿದ ಕೂದಲು ನೋಡಿ ಏನೋ ಹೇಳಹೊರಟರು.

"ಬಂದೆ ಸಾರ್, ಇನ್ನೊಂದು ಮನೆ ಬಾಕಿ ಇದೆ."

ಸೈಕಲ್ ಅಂಗಡಿಯವನು ಬಾಗಿಲನ್ನು ಅರ್ಧ ಎಳೆದುಕೊಂಡು, ತೊಡೆಯ ಮೇಲೆ ಕಬ್ಬಿಣದ ರಾಡು ಇಟ್ಟುಕೊಂಡು ಕೂತಿದ್ದ. ಹೆದರಿಕೆಗೆ ತುಟಿ ಒಣಗಿತ್ತು. ನೆರಳು ಬಿದ್ದದ್ದೇ ಎದ್ದು ನಿಂತ.

"ಯಾರು ಕಳಿಸಿದ್ದು ನಿನ್ನ? ಟೇಲರನಾ?"

"ಯಾರೂ ಕಳಿಸಿಲ್ಲ, ನಾನೇ ಬಂದಿದೀನಿ."

"ಹೋಗಾಚೆ. ನಾನು ಏನು ಮಾಡ್ತೀನೋ ನನಗೇ ಗೊತ್ತಿಲ್ಲ."

ಅವಳು ಬಗ್ಗಿ ಒಳಗೆ ಬಂದಳು. ಗ್ರೀಸ್ ಹತ್ತಿದ ಸ್ಟೂಲನ್ನು ಎಳೆದುಕೊಂಡು ಅವನಿಗೂ ಬಾಗಿಲಿಗೂ ನಡುವೆ ಕೂತಳು.

"ರಾಡು ಆ ಕಡೆ ಇಟ್ಟು ಮಾತಾಡು. ಇಲ್ಲಾ, ಹಿಡ್ಕೊಂಡೇ ಮಾತಾಡು. ನಾನಂತೂ ಇಲ್ಲಿಂದ ಏಳಲ್ಲ."