ಡೇರೆ ಇಳಿಸಿ ಗಂಟು ಹೇರಿದ್ದು

ಎಪ್ಪತ್ತರ ದಶಕದ ನಡುವಿನ ಒಂದು ಚಳಿಗಾಲ. ಸಂಕ್ರಾಂತಿ ಆಗಷ್ಟೇ ಮುಗಿದಿತ್ತು. ಡಿಗ್ರಿ ಮುಗಿಸಿ ಇಂಡಿ ಊರಿನ ನಮ್ಮ ಮನೆಯಲ್ಲಿ ಕೆಲಸವಿಲ್ಲದೆ ಕೂತಿದ್ದ ನನಗೂ, ನನ್ನಷ್ಟೇ ಪುರುಸೊತ್ತಿದ್ದ ಒಬ್ಬ ಗೆಳೆಯನಿಗೂ ಸೈಕಲ್ ಮೇಲೆ ಕೃಷ್ಣಾ ಹೊಳೆಯವರೆಗೆ ಹೋಗಿಬರುವ ಹುಚ್ಚು ಹಿಡಿಯಿತು. ಸಾಲೋಟಗಿ ದಾಟಿ ಸಿಂದಗಿ, ಅಲ್ಲಿಂದ ಬಸವನ ಬಾಗೇವಾಡಿ, ಆಮೇಲೆ ಮುದ್ದೇಬಿಹಾಳ, ಅದರಾಚೆ ಹೊಳೆ. ದಾರಿಯಲ್ಲಿ ಎಲ್ಲಿ ಹೊತ್ತು ಮುಳುಗುತ್ತದೋ ಅಲ್ಲಿ ಡೇರೆ ಹಾಕಿ ಮಲಗುವುದು. ಯಾರ ಮನೆಗೂ ಹೋಗಬಾರದು ಎನ್ನುವುದು ನಮ್ಮ ಒಪ್ಪಂದ.

ಈ ಒಪ್ಪಂದಕ್ಕೆ ಕಾರಣವಿತ್ತು. ನಮ್ಮ ಸೀಮೆಯಲ್ಲಿ ಯಾವ ದಿಕ್ಕಿಗೆ ಹೊರಟರೂ ನಾಲ್ಕು ಊರಿಗೊಬ್ಬ ಸಂಬಂಧಿಕ ಸಿಗುತ್ತಾನೆ. ಸಿಕ್ಕವನು ಸುಮ್ಮನೆ ಬಿಡುವುದಿಲ್ಲ. ಕಾಲಿಗೆ ನೀರು ಕೊಡುತ್ತಾನೆ, ಚಹಾ ಕುಡಿಸುತ್ತಾನೆ, ಊಟಕ್ಕೆ ಕೂಡಿಸುತ್ತಾನೆ, ಊಟದ ನಡುವೆ ನೌಕರಿ ಸಿಕ್ಕಿತೇ ಎಂದು ಕೇಳುತ್ತಾನೆ. ಆ ಪ್ರಶ್ನೆ ಕೇಳಿ ಕೇಳಿ ನನ್ನ ಕಿವಿ ಕಾದುಹೋಗಿತ್ತು. ಒಂದು ರಾತ್ರಿಯಾದರೂ ಯಾರ ಮಗನೂ ಅಲ್ಲದವನಂತೆ ಬಯಲಲ್ಲಿ ಮಲಗಬೇಕು ಎಂಬುದೇ ನನ್ನ ಆಸೆ.

ಡೇರೆಯನ್ನು ನಾವೇ ಮಾಡಿದ್ದೆವು. ಗೆಳೆಯನ ಪರಿಚಯದ ಲಾರಿಯವನೊಬ್ಬ ಹರಿದ ತಾಡಪತ್ರಿ ಕೊಟ್ಟಿದ್ದ. ಒಳ್ಳೆಯ ಭಾಗ ಕತ್ತರಿಸಿ ಹೊಲಿಸಲು ಹೋದರೆ ದರ್ಜಿ ತನ್ನ ಮಷೀನಿನ ಸೂಜಿ ಮುರಿಯಿತೆಂದು ಬೈದು ಕಳಿಸಿದ. ಕೊನೆಗೆ ಗೋಣಿಚೀಲ ಹೊಲಿಯುವ ದಬ್ಬಣ ಹಿಡಿದು ನಾನೇ ಕೂತೆ. ಅಂಗೈ ತುಂಬ ಬೊಬ್ಬೆ ಎದ್ದವು. ಡೇರೆ ಆಯಿತು, ಆದರೆ ಮಡಚಿದರೆ ಒಂದು ಚೀಲ ಜೋಳದಷ್ಟು ದಪ್ಪ, ಹೆಚ್ಚುಕಡಿಮೆ ಅಷ್ಟೇ ಭಾರ. ನನಗೆ ಅದರ ಮೇಲೆ ಜೀವವೇ ಇತ್ತು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಅಂಗಳದಲ್ಲಿ ಸೈಕಲ್ ನಿಲ್ಲಿಸಿ ಹೇರತೊಡಗಿದೆವು. ಗೆಳೆಯನ ಸೈಕಲ್ಲಿಗೆ ಸ್ಟೋವು, ಸೀಮೆಎಣ್ಣೆ ಬಾಟಲಿ, ಕಂದೀಲು, ಪಾತ್ರೆಗಳು. ನನ್ನದಕ್ಕೆ ಡೇರೆ, ಅದಕ್ಕೆ ಬಿದಿರಿನ ಗಳ, ಹೊದೆಯಲು ಎರಡು ಕೌದಿ, ಬುತ್ತಿ. ಕಟ್ಟಲು ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಪಟ್ಟಿ ಮಾಡಿಕೊಂಡಿದ್ದೆವು. ಹಗ್ಗಕ್ಕಿಂತ ಅದು ಮೇಲು, ಎಳೆದಷ್ಟೂ ಬಿಗಿಯುತ್ತದೆ.

ಅಪ್ಪ ಪಡಸಾಲೆಯ ಕಂಬಕ್ಕೆ ಒರಗಿ ಕೂತು ನೋಡುತ್ತಿದ್ದ. ಮನೆ ಇರುವವರು ಮನೆ ಬಿಟ್ಟು ಬಯಲಲ್ಲಿ ಮಲಗಲು ಹೋಗುವುದು ಅವನಿಗೆ ತಲೆಗೆ ಹೋಗದ ವಿಷಯ. "ಕುರಿ ಇದ್ದಾವ್ರು ಅಡವ್ಯಾಗ ಮಲಗತಾರ. ನಿಮ್ಮ ಕುರಿ ಎಲ್ಲಿ ಅದಾವ?" ಎಂದು ಒಂದು ಸಲ ಕೇಳಿದ್ದ.

ಅವ್ವನ ಚಿಂತೆಯೇ ಬೇರೆಯಿತ್ತು. ನನ್ನ ಅಕ್ಕನನ್ನು ಮಸೂತಿ ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿತ್ತು. ಬಾಗೇವಾಡಿಯಿಂದ ಮುದ್ದೇಬಿಹಾಳಕ್ಕೆ ಹೋಗುವವರಿಗೆ ಮಸೂತಿ ದಾರಿಯಲ್ಲಿ ಬರುವುದಿಲ್ಲ, ಬೇಕೆಂದೇ ಹೊರಳಿ ಹೋಗಬೇಕು. ಹೊರಳಿ ಹೋಗುವಂತೆಯೂ ಇರಲಿಲ್ಲ. ಅಕ್ಕನ ಬೆನ್ನಿಗೆ ಹುಟ್ಟಿದ ಅಣ್ಣನ ಮದುವೆಯ ಹೊತ್ತಿಗೆ ಅಪ್ಪ ಸುಗ್ಗಿಯ ರಾಶಿಯ ಗಡಿಬಿಡಿಯಲ್ಲಿದ್ದ. ಮಸೂತಿಯ ಬೀಗರಿಗೆ ಕೊಡಬೇಕಾದ ಲಗ್ನಪತ್ರಿಕೆಯನ್ನು ಆ ಕಡೆ ದನದ ಸಂತೆಗೆ ಹೊರಟಿದ್ದ ಒಬ್ಬನ ಕೈಯಲ್ಲಿ ಕಳಿಸಿಬಿಟ್ಟ. ನಮ್ಮಲ್ಲಿ ಬೀಗರನ್ನು ಕರೆಯುವುದೆಂದರೆ ಹಾಗಲ್ಲ. ಯಜಮಾನನೇ ಅವರ ಹೊಸ್ತಿಲಿಗೆ ಹೋಗಿ, ಎಲೆ ಅಡಿಕೆ ಕೊಟ್ಟು, ಬರ್ರಿ ಎಂದು ಬಾಯಿಬಿಟ್ಟು ಹೇಳಬೇಕು. ಬೀಗರು ಮದುವೆಗೆ ಬರಲಿಲ್ಲ. ಅಕ್ಕನನ್ನೂ ಕಳಿಸಲಿಲ್ಲ. ಸ್ವಂತ ತಮ್ಮನ ಮದುವೆಗೆ ಅವಳು ಇರಲಿಲ್ಲ.

ತಪ್ಪು ಯಾರದೆಂದು ಅಪ್ಪನಿಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಸಿಟ್ಟು ಜಾಸ್ತಿಯಾಯಿತು. "ಮಗಳನ್ನ ಕೊಟ್ಟೇನಿ, ಮಾನಾ ಕೊಟ್ಟಿಲ್ಲ" ಎಂದ. ಅಂದಿನಿಂದ ಹೋಗಿಬರುವುದು ನಿಂತಿತು. ಎರಡು ನಾಗರಪಂಚಮಿ ಅಕ್ಕ ತವರಿಗೆ ಬರದೆ ಕಳೆದವು. ಅಪ್ಪನ ಮುಂದೆ ಮಸೂತಿ ಎಂಬ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ತವರಿನವರು ಯಾಕೆ ಬರುವುದಿಲ್ಲ ಎಂದು ಓಣಿಯವರು ಅಕ್ಕನನ್ನು ಕೇಳುತ್ತಾರೆಂದೂ, ಅವಳು ತಲೆ ತಗ್ಗಿಸಿ ನೀರು ತುಂಬಿಕೊಂಡು ಹೋಗುತ್ತಾಳೆಂದೂ ಆ ಕಡೆಯಿಂದ ಬಂದವರು ಅವ್ವನಿಗೆ ಹೇಳುತ್ತಿದ್ದರು. ಅವ್ವ ಕೇಳಿಸಿಕೊಂಡು ಒಳಗೆ ಹೋಗುತ್ತಿದ್ದಳು.

ನಮ್ಮ ಪ್ರಯಾಣದ ಸುದ್ದಿ ತಿಳಿದಾಗ ಅವಳು ನನ್ನನ್ನು ಅಡುಗೆಮನೆಗೆ ಕರೆದಳು. "ಬಾಗೇವಾಡಿ ತನಕಾ ಹೊಂಟೀದಿ. ಅಲ್ಲಿಂದ ಮಸೂತಿ ಏನ್ ದೂರಿಲ್ಲ. ಅಕ್ಕನ ಮುಖಾ ನೋಡಿ ಬಾ, ತಮ್ಮಾ. ಅಪ್ಪಗ ಹೇಳಬ್ಯಾಡ" ಎಂದಳು. ನಾನು ಹೂಂ ಅಂದೆ. ಒಪ್ಪಂದ ಮುರಿಯಿತಲ್ಲ ಎಂದು ಒಳಗೊಳಗೇ ಕಸಿವಿಸಿಯಾಯಿತು ಎಂಬುದೂ ನಿಜ.

ಅವ್ವ ಒಂದು ಗಂಟು ಕಟ್ಟಿದ್ದಳು. ಶೇಂಗಾ ಹೋಳಿಗೆ, ಒಂದು ರವಿಕೆ ಖಣ, ಒಣಕೊಬ್ಬರಿ ಬಟ್ಟಲು, ಉಡಿ ತುಂಬಲು ಅಕ್ಕಿ, ಅರಿಷಿಣದ ಕೊಂಬು. ಅಪ್ಪನ ಕಣ್ಣಿಗೆ ಬೀಳದಿರಲೆಂದು ಅದನ್ನು ಕೌದಿಯೊಳಗೆ ಸುತ್ತಿ, ಕ್ಯಾರಿಯರಿನ ಎಲ್ಲಕ್ಕೂ ಕೆಳಗೆ ಇಟ್ಟು, ಅದರ ಮೇಲೆ ಡೇರೆ ಹೇರಿ ಬಿಗಿದೆ. ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ಅಷ್ಟರಲ್ಲಿ ಸೈಕಲ್ಲಿನ ಮುಂದಿನ ಗಾಲಿ ಮೆಲ್ಲಗೆ ಮೇಲೆದ್ದಿತು. ನೋಡನೋಡುತ್ತಿದ್ದಂತೆ ಇಡೀ ಸೈಕಲ್ ಸ್ಟ್ಯಾಂಡ್ ಸಮೇತ ಹಿಂದಕ್ಕೆ ಉರುಳಿ ಬಿತ್ತು.

ಅಪ್ಪ ಎದ್ದು ಬಂದ. ಬೈಯಲಿಲ್ಲ, ಅದೇ ಹೆದರಿಕೆಯಾಗಿದ್ದು.

"ಹಿಂದ ಭಾರ ಆದ್ರ ಬಂಡಿ ನೊಗಾನೂ ಹಿಂಗ ಏಳತೈತಿ. ಎಲ್ಲಾ ಬಿಚ್ಚು" ಎಂದ.

"ನಾವ ಮಾಡ್ಕೋತೇವಿ ಬಿಡಪ್ಪಾ" ಎಂದೆ.

"ಬಿಚ್ಚಂದ್ರ ಬಿಚ್ಚು."

ನಾನು ಕೈಹಾಕಲಿಲ್ಲ. ಅವನೇ ಕುಕ್ಕರಗಾಲಲ್ಲಿ ಕೂತು ಟ್ಯೂಬಿನ ಪಟ್ಟಿ ಬಿಚ್ಚಿದ. ಬಿದಿರಿನ ಗಳ ಇಳಿಸಿದ, ಡೇರೆ ಇಳಿಸಿದ. ಬಾಗಿಲಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಅವ್ವ ತಲೆ ಎತ್ತಲಿಲ್ಲ, ಆದರೆ ಅವಳ ಕೈ ನಿಂತಿತ್ತು. ಅಪ್ಪ ಕೌದಿ ಜಗ್ಗಿದ. ಬಿದ್ದ ಪೆಟ್ಟಿಗೆ ಗಂಟು ಸಡಿಲಾಗಿತ್ತು. ಖಣ ಜಾರಿ ಮಣ್ಣಿಗೆ ಬಿತ್ತು. ಹಸಿರು ಖಣ, ಕೆಂಪು ಅಂಚು.

ಅಪ್ಪ ಅದನ್ನು ಎತ್ತಿಕೊಂಡು ಧೂಳು ಝಾಡಿಸಿದ. "ಇದರ ಕುಬಸಾ ಯಾರು ಹೊಲಿಸ್ಕೋತೀರಿ? ನೀನೋ, ಇವನೋ?" ಎಂದು ನನ್ನನ್ನೂ ಗೆಳೆಯನನ್ನೂ ನೋಡಿದ. ಗೆಳೆಯ ತನ್ನ ಸೈಕಲ್ಲಿನ ಚೈನು ಸರಿಯಿದೆಯೋ ಇಲ್ಲವೋ ಎಂದು ಬಹಳ ಶ್ರದ್ಧೆಯಿಂದ ಪರೀಕ್ಷಿಸತೊಡಗಿದ. ಗಂಟನ್ನು ಒಳಗೆ ಒಯ್ದು ಇಡು ಎಂದು ಅಪ್ಪ ಒಂದು ಮಾತು ಅಂದರೆ ಮುಗಿಯಿತು, ಅವ್ವ ಮತ್ತೆ ಅದನ್ನು ಕಟ್ಟುವ ಧೈರ್ಯ ಮಾಡುವವಳಲ್ಲ.

ಅಪ್ಪ ಗಂಟಿನೊಳಗೆ ಕೈಯಾಡಿಸಿದ. ಹೋಳಿಗೆ ಮುಟ್ಟಿ ನೋಡಿದ. ಎರಡು ಮೂರು ಮುರಿದಿದ್ದವು.

"ಹೋಳಿಗಿ ತಳಕ ಇಟ್ಟು ಮ್ಯಾಲ ತಾಡಪತ್ರಿ ಹೇರ್ತಾರೇನು? ಊರು ಮುಟ್ಟೂದ್ರಾಗ ಹಿಟ್ಟಾಗತಾವು" ಎಂದ.

ಆಮೇಲೆ ಡೇರೆಯನ್ನು ಹೆಗಲಿಗೆ ಹಾಕಿಕೊಂಡು ಹೋಗಿ ದನದ ಕೊಟ್ಟಿಗೆಯಲ್ಲಿ ಎಸೆದು ಬಂದ.

ನನಗೆ ಮೈಯೆಲ್ಲ ಉರಿದುಹೋಯಿತು. "ಡೇರೆ ಇಲ್ಲದ ಎಲ್ಲಿ ಮಲಗೂದು?" ಎಂದು ದನಿ ಏರಿಸಿದೆ.

"ಸಿಂದಗ್ಯಾಗ ಗುಡಿ ಕಟ್ಟಿ ಐತಿ," ಎಂದ ಅಪ್ಪ. ಸೈಕಲ್ ಎತ್ತಿ ನಿಲ್ಲಿಸಿ, ಕೌದಿಯ ಮೇಲೆ ಗಂಟು ಇಟ್ಟು ಪಟ್ಟಿ ಬಿಗಿಯುತ್ತ, ತಲೆ ಎತ್ತದೆ ಹೇಳಿದ: "ಮಸೂತ್ಯಾಗ ಮನಿ ಐತಿ."

ಸಿಟ್ಟಿನಲ್ಲಿ ನನಗೆ ಅದರ ಅರ್ಥ ತಲೆಗೆ ಹೋಗಲಿಲ್ಲ. ಮುದ್ದೇಬಿಹಾಳದಲ್ಲಿ ಏನು ಮಾಡುವುದು ಎಂದು ಇನ್ನೂ ವಾದ ಮಾಡುತ್ತಿದ್ದೆ. ಅವ್ವನಿಗೆ ಅರ್ಥವಾಯಿತು. ಅವಳು ಎದ್ದು ಒಳಗೆ ಹೋದವಳು ಗುರೆಳ್ಳಿನ ಚಟ್ನಿಪುಡಿ, ಎಳ್ಳುಂಡಿ, ಒಂದು ಸಣ್ಣ ಡಬ್ಬಿ ತುಪ್ಪ, ಹೆದರಿ ಇಡದೆ ಬಿಟ್ಟಿದ್ದನ್ನೆಲ್ಲ ಸೆರಗಿನಲ್ಲಿ ತುಂಬಿಕೊಂಡು ಬಂದು ಅಪ್ಪನ ಮುಂದೆ ಇಟ್ಟಳು. ಅಪ್ಪ ಒಂದೊಂದಾಗಿ ತೆಗೆದುಕೊಂಡು ಹೇರಿದ. ಅಪ್ಪನೇ ನಮ್ಮನ್ನು ಮಸೂತಿಗೆ ಕಳಿಸುತ್ತಿದ್ದಾನೆಂದು ಆಗ ನನಗೂ ಹೊಳೆಯಿತು, ವಾದ ಬಿಟ್ಟು ಪಟ್ಟಿಯ ಇನ್ನೊಂದು ತುದಿ ಹಿಡಿದೆ. ಡೇರೆಯ ಸಿಟ್ಟು ಇನ್ನೂ ಇಳಿದಿರಲಿಲ್ಲ, ಅವ್ವನ ಮುಖ ನೋಡಿ ಖುಷಿಯೂ ಆಯಿತು. ಎರಡೂ ಒಟ್ಟಿಗೇ ಆಗಬಹುದೆಂದು ನನಗೆ ಗೊತ್ತಿರಲಿಲ್ಲ.

ಅಪ್ಪ ಹೇರಿದ್ದು ಭದ್ರವಾಗಿತ್ತು, ಆದರೆ ಬಂಡಿಯ ಲೆಕ್ಕದಲ್ಲಿ ಭದ್ರ. ಅವನಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ. ಮುಂದೆಯೂ ಭಾರ ಬೇಕೆಂದು ಹ್ಯಾಂಡಲ್ಲಿಗೆ ಎರಡೂ ಕಡೆ ಚೀಲ ಬಿಗಿದಿದ್ದರಿಂದ ಮರುದಿನ ಮುಂಜಾನೆ ಹ್ಯಾಂಡಲ್ ಯಾವ ಕಡೆಗೂ ಹೊರಳಲಿಲ್ಲ. ಅವನು ನೋಡುತ್ತಿರುವಷ್ಟು ದೂರ ನೆಟ್ಟಗೆ ಹೋಗಿ, ಸಾಲೋಟಗಿ ಹತ್ತಿರ ಇಳಿದು ಎಲ್ಲವನ್ನೂ ಮತ್ತೆ ಕಟ್ಟಿದೆವು. ಗೆಳೆಯ ನಕ್ಕು ನಕ್ಕು ಸಾಕಾಗಿ ಗಟಾರದ ದಂಡೆಗೆ ಕೂತ. ಸಿಂದಗಿಯಲ್ಲಿ ಗುಡಿಯ ಕಟ್ಟೆ ನಿಜವಾಗಿಯೂ ಚೆನ್ನಾಗಿತ್ತು. ಮರುದಿನ ಕನ್ನೊಳ್ಳಿಯ ಕಡೆ ಹೊಲದಲ್ಲಿ ಹಸಿ ಜೋಳದ ತೆನೆ ಸುಟ್ಟು ಸೀತನಿ ಮಾಡುತ್ತಿದ್ದವರು ಕರೆದು ತಿನ್ನಿಸಿದರು. ನೌಕರಿ ಸಿಕ್ಕಿತೇ ಎಂದು ಅವರೂ ಕೇಳಿದರು.

ಬಾಗೇವಾಡಿ ದಾಟಿ ಮಸೂತಿ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಅಕ್ಕನ ಅತ್ತೆ ಹೊರಕಟ್ಟೆಯಲ್ಲಿ ಕೂತು ಹತ್ತಿ ಬಿಡಿಸುತ್ತಿದ್ದಳು. ನನ್ನನ್ನು ಗುರುತಿಸಿದಳು, ಬಾ ಅನ್ನಲಿಲ್ಲ. ಅಕ್ಕ ಬಾಗಿಲಿಗೆ ಬಂದು ಅಲ್ಲೇ ನಿಂತಳು. ಸೊರಗಿದ್ದಳು. ನಾನು ಗಂಟು ಬಿಚ್ಚಿ ಕಟ್ಟೆಯ ಮೇಲೆ ಇಟ್ಟೆ.

"ಯಾರು ಕಳಿಸ್ಯಾರ?" ಎಂದು ಅತ್ತೆ ಕೇಳಿದಳು.

ಅಕ್ಕನ ಮುಖದಲ್ಲಿ ಅಂಜಿಕೆ ಕಂಡಿತು. ತಾಯಿ ಕದ್ದು ಕಳಿಸಿದ ಗಂಟು ತವರಿನ ಗಂಟಲ್ಲ, ಅದನ್ನು ಯಾರಿಗೂ ತೋರಿಸುವಂತಿಲ್ಲ. ಅವಳು ಅದನ್ನೇ ಅಂದುಕೊಂಡಿದ್ದಳು.

"ಅಪ್ಪ ಕಳಿಸ್ಯಾನ್ರಿ," ಎಂದೆ. "ಅವನ ಕೈಲೇನ ಹೇರ್ಯಾನ."

"ಅಪ್ಪ?" ಎಂದಳು ಅಕ್ಕ.

"ಹೌದವಾ. ಅಪ್ಪ."

ಅತ್ತೆ ಹತ್ತಿ ಬದಿಗೆ ಸರಿಸಿದಳು. ಖಣವನ್ನು ಬೆರಳಲ್ಲಿ ಹಿಡಿದು ನೋಡಿದಳು. "ಹುಡುಗ್ರಿಗೆ ನೀರು ಕೊಡು. ಇದನ್ನ ಒಯ್ದು ದೇವರ ಮುಂದ ಇಡು, ಆಮ್ಯಾಲ ಓಣ್ಯಾಗ ಬೀರಿ ಬಾ" ಎಂದಳು.

ತವರಿನಿಂದ ಬುತ್ತಿ ಬಂದರೆ ಮನೆಮನೆಗೆ ಹಂಚಿ ಬರಬೇಕು. ಅಕ್ಕ ಹೋಳಿಗೆಗಳನ್ನು ತಟ್ಟೆಯಲ್ಲಿ ಜೋಡಿಸಿದಳು, ಮುರಿದವನ್ನು ಕೆಳಗಿಟ್ಟು ಇಡಿಯಾಗಿದ್ದವನ್ನು ಮೇಲಿಟ್ಟಳು. ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ಹೊರಬಿದ್ದಳು. ನಾನು ಕಾಲು ತೊಳೆದು ಕಟ್ಟೆಯ ಮೇಲೆ ಕೂತೆ. ಓಣಿ ಉದ್ದವಾಗಿತ್ತು. ಒಂದು ಬಾಗಿಲಲ್ಲಿ ಅವಳ ದನಿ ಕೇಳಿಸಿತು, ಆಮೇಲೆ ಇನ್ನೊಂದರಲ್ಲಿ. ಪ್ರತಿ ಬಾಗಿಲಲ್ಲೂ, ಅವರು ಕೇಳುವ ಮೊದಲೇ, ಬೇಕಾದ್ದಕ್ಕಿಂತ ದೊಡ್ಡ ದನಿಯಲ್ಲಿ ಹೇಳುತ್ತಿದ್ದಳು: "ನಮ್ಮಪ್ಪ ಕಳಿಸ್ಯಾನ, ತಗೋರಿ."