ಕೋಡಿಯ ಮೇಲೆ ಅಪ್ಪನ ಗುದ್ದಲಿ

…ಅದಕ್ಕೇ, ಊರ ಗುಂಪಿನಲ್ಲಿ ನೀವು ಹಾಕಿದ, ಕೆರೆ ಕೋಡಿಗೆ ಮರಳಿನ ಮೂಟೆ ಜೋಡಿಸಿದ ಆ ಫೋಟೊಗೆ ನಾನು ಲೈಕ್ ಒತ್ತಲಿಲ್ಲ. ಮುತ್ತಜ್ಜಿಗೆ ತೋರಿಸಿದೆ. ಅವಳು ಹೇಳಿದ್ದು ಇದು:

ಯುದ್ಧದ ದೆಸೆಯಿಂದ ಸೀಮೆಎಣ್ಣೆ ಸಿಗದ ಕಾಲ. ಎರಡು ವರ್ಷ ಮಳೆ ಸಾಲದೆ, ದಂಡಿಗನಹಳ್ಳಿ ಕಡೆಯ ನಮ್ಮೂರಿನವರು ಹೆಚ್ಚುವರಿ ನೀರು ಹೊರಹೋಗುವ ಕೋಡಿಗೆ ಹುಲ್ಲುಹೆಂಟೆ ಪೇರಿಸಿ ಕೆರೆ ತುಂಬಿಸಿಕೊಂಡಿದ್ದರು. ಸ್ವಾತಿ ಮಳೆಯೆಂದರೆ ಹದವಾದ ಹನಿ ಎಂದೇ ಎಲ್ಲರ ನಂಬಿಕೆ. ಆ ಸಲ ಅದು ಕಲ್ಲು ತೂರಿದಂತೆ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಕೆರೆ ಏರಿಯ ಮಣ್ಣು ಜಾರತೊಡಗಿತು. ಏರಿ ಒಡೆದರೆ ಊರೇ ಹೋಗುತ್ತಿತ್ತು. ಕೋಡಿ ಬಿಚ್ಚಿದರೆ ಅದರ ಕೆಳಗಿನ, ನಮ್ಮ ಮತ್ತು ಚಿಕ್ಕಪ್ಪನ ಮನೆಯ ಗದ್ದೆ ಹೋಗುತ್ತಿತ್ತು. ಭತ್ತ ತೆನೆ ಬಾಗಿ ನಿಂತಿತ್ತು.

ಅಪ್ಪ ಗುದ್ದಲಿ ಹಿಡಿದು ಓಡಿದ, ನಾನು ಹಿಂದೆಯೇ ಓಡಿದೆ. ಕೋಡಿಯ ಮೇಲೆ ಚಿಕ್ಕಪ್ಪ ಕುಡುಗೋಲು ಹಿಡಿದು ನಿಂತಿದ್ದ.

"ಮುಟ್ಟುದ್ರೆ ಕೈ ಕಡ್ದಾಕ್ಬುಡ್ತೀನಿ ಕಣಣ್ಣ! ಮಕ್ಳು ಏನ್ ತಿಂತವೆ?"

"ಬದುಕಿದ್ರೆ ತಾನೆ ಕಣ್ಲಾ ತಿನ್ನಾದು? ಜರುಗ್ಲಾ!"

ಚಿಕ್ಕಪ್ಪ ಬೀಸಿಯೇಬಿಟ್ಟ. ಅಪ್ಪನ ತೋಳು ಸೀಳಿ ರಕ್ತ ಮಳೆಯೊಡನೆ ಇಳಿಯಿತು. ಅಪ್ಪ ಗುದ್ದಲಿ ಕಾವಿನಿಂದ ತಮ್ಮನ ಮೊಣಕಾಲಿಗೆ ಬಡಿದು ಕೆಡವಿ, ಹೆಂಟೆ ಕಿತ್ತ. ಗದ್ದೆ ಮಣ್ಣುಸಮೇತ ಕೊಚ್ಚಿಹೋಯಿತು. ಊರು ಉಳಿಯಿತು. ಚಿಕ್ಕಪ್ಪ ಸಾಯುವವರೆಗೂ ಕುಂಟಿದ, ನಮ್ಮ ಹೊಸಿಲು ಮಾತ್ರ ಮತ್ತೆ ತುಳಿಯಲಿಲ್ಲ.

ಹೇಳಿ ಮುಗಿಸಿ ಮುತ್ತಜ್ಜಿ ಫೋಟೊ ಮೇಲೆ ಬೆರಳಿಟ್ಟಳು. "ಈ ಮೂಟೆ ಪೇರ್ಸಿದೋರ ಗದ್ದೆ ಎಲ್ಲೈತೆ ಕೇಳ್ಲಾ."

ಹೊರಗೆ ಈಗಲೂ ಸ್ವಾತಿ ಮಳೆ ಹೆಂಚು ಒಡೆಯುವಂತೆ ಸುರಿಯುತ್ತಿದೆ. ಫೋಟೊ ಹಾಕಿದವರೇ, ಕೋಡಿ ಕೆಳಗಿರುವುದು ನಿಮ್ಮದೇ ಗದ್ದೆಯಾದರೆ ಕೈಗೆತ್ತಿಕೊಳ್ಳುವುದು ಗುದ್ದಲಿಯನ್ನೋ, ಕುಡುಗೋಲನ್ನೋ?