ಶುಕ್ರನಿಗೆ ಇಟ್ಟ ಕುಂಕುಮ

ಹಾಸನದ ಕೈಗಾರಿಕಾ ಪ್ರದೇಶದಲ್ಲಿ ನಾನು ಕೆಲಸಕ್ಕೆ ಸೇರಿದ ವರ್ಕ್‌ಶಾಪ್ ನೋಡಿದರೆ, ಆಕಾಶಕ್ಕೆ ಸಂಬಂಧಪಟ್ಟದ್ದೇನಾದರೂ ಅಲ್ಲಿ ತಯಾರಾಗುತ್ತದೆಂದು ಯಾರೂ ನಂಬುವಂತಿರಲಿಲ್ಲ. ಮುಂದಿನ ಶೆಡ್ಡಿನಲ್ಲಿ ಬೋರ್‌ವೆಲ್ ಪಂಪಿನ ಶಾಫ್ಟು, ಹಿಂದಿನ ಕೋಣೆಯಲ್ಲಿ ಶುಕ್ರ ಗ್ರಹಕ್ಕಾಗಿ ಒಂದು ಗೋಳ. ಚನ್ನರಾಯಪಟ್ಟಣದಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಬರುತ್ತಿದ್ದ ನನಗೆ ಆ ಹಿಂದಿನ ಕೋಣೆಯೇ ಸ್ವರ್ಗ. ಎಂಜಿನಿಯರ್ ಎಂಬ ಜಂಬವೂ ಸ್ವಲ್ಪ ಹೆಚ್ಚೇ ಇತ್ತು.

ಶುಕ್ರನ ನೆಲವೆಂದರೆ ಸೀಸ ಕರಗುವಷ್ಟು ಕಾವು, ಆಳ ಸಮುದ್ರದ ತಳದಲ್ಲಿರುವಂಥ ಒತ್ತಡ. ಹಿಂದೆ ಅಲ್ಲಿಗೆ ಇಳಿದ ಯಂತ್ರಗಳು ಹೆಚ್ಚೆಂದರೆ ಒಂದೆರಡು ಗಂಟೆ ಬದುಕಿ, ಕಂಡಷ್ಟನ್ನು ಹೇಳಿ ಸತ್ತಿವೆ. ಮುಂದೆಂದಾದರೂ ಅಲ್ಲಿ ಯಂತ್ರ ಇಳಿಸುವ ಆಸೆಯಿದ್ದ ಸಂಶೋಧಕರ ತಂಡವೊಂದು, ಅದರ ಹೊಟ್ಟೆಯ ಮಾದರಿ ಮಾಡಿಕೊಡಿ ಎಂದು ನಮಗೆ ಕೆಲಸ ಕೊಟ್ಟಿತ್ತು. ಎರಡು ಲೋಹದ ಬಟ್ಟಲುಗಳನ್ನು ಬಾಯಿಗೆ ಬಾಯಿ ಕೂಡಿಸಿದ ಗೋಳ ಅದು. ನಡುವೆ ಕೂದಲೆಳೆಯಷ್ಟೂ ಸಂದಿ ಇರಬಾರದೆಂದು ಒಂದು ಲೋಹದ ಉಂಗುರ; ಉಂಗುರ ಕೂರಲು ಕೆಳಬಟ್ಟಲಿನ ಅಂಚಿನುದ್ದಕ್ಕೂ ಸಣ್ಣ ಕಾಲುವೆಯಂಥ ಗ್ರೂವ್. ಕುಲುಮೆಯಂಥ ಟೆಸ್ಟ್ ಚೇಂಬರಿನಲ್ಲಿ ಎರಡು ಗಂಟೆ ತಡೆದುಕೊಂಡರೆ ನಾವು ಗೆದ್ದ ಹಾಗೆ.

ಆ ಗ್ರೂವ್ ಕೊರೆದವರು ನಮ್ಮ ಲೇತ್ ಮೇಸ್ತ್ರಿ. ಕೊರವಂಗಲದ ಬೇಸಾಯದ ಮನೆಯವರು, ವಯಸ್ಸಿನಲ್ಲಿ ನಮ್ಮಪ್ಪನಿಗಿಂತ ದೊಡ್ಡವರು. ಕೊರೆದಾದ ಮೇಲೆ ಕಣ್ಣು ಮುಚ್ಚಿಕೊಂಡು ಕಿರುಬೆರಳಿನ ಉಗುರನ್ನು ಸುತ್ತಲೂ ಆಡಿಸುತ್ತಿದ್ದರು. ಆ ಒಂದು ಉಗುರನ್ನು ಅದಕ್ಕೆಂದೇ ಉದ್ದ ಬಿಟ್ಟಿದ್ದರು. ನನ್ನ ಅಳತೆಯ ಯಂತ್ರಕ್ಕೆ ಸಿಗದ ಗೀರು ಆ ಉಗುರಿಗೆ ಸಿಗುತ್ತಿತ್ತು. ಶುಕ್ರ ಎಂದರೆ ಅವರಿಗೆ ಬೆಳಗಿನ ಜಾವದ ಬೆಳ್ಳಿ. “ಬೆಳ್ಳಿ ಮೂಡೋ ವೊತ್ಗೆ ನಮ್ಮಪ್ಪ ನೇಗ್ಲು ಕಟ್ತಿದ್ದ. ನಾನು ಆ ಬೆಳ್ಳಿಗೇ ಪಾತ್ರೆ ಮಾಡ್ಕೊಡ್ತಾವ್ನಿ ಕಣವ್ವ” ಎಂದು ನಗುತ್ತಿದ್ದರು.

ಆಯುಧಪೂಜೆ ಬಂತು. ಲೇತು, ಡ್ರಿಲ್ಲು, ಮಾಲೀಕರ ಸ್ಕೂಟರು, ಕೊನೆಗೆ ಕುಡಿಯುವ ನೀರಿನ ಫಿಲ್ಟರಿಗೂ ವಿಭೂತಿ, ಕುಂಕುಮ, ಸೇವಂತಿಗೆ. ಗೋಳ ಮಾತ್ರ ಹಿಂದಿನ ಕೋಣೆಯ ಗಾಜಿನ ಬೀರುವಿನಲ್ಲಿ ಬೋಳುಬೋಳಾಗಿ ಕೂತಿತ್ತು. ಹಿಂದಿನ ದಿನವಷ್ಟೇ ನಾನು ಅದರ ಎರಡೂ ಬಟ್ಟಲನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಇಟ್ಟಿದ್ದೆ. ಇನ್ನು ಜೋಡಿಸುವವರೆಗೆ ಮುಟ್ಟುವಂತಿರಲಿಲ್ಲ. “ಅದುಕ್ಕೆ ಪೂಜೆ ಬ್ಯಾಡ. ಯಾರೂ ಅತ್ರ ಓಗ್ಬ್ಯಾಡಿ” ಎಂದು ಮೇಸ್ತ್ರಿ ಬಾಗಿಲಲ್ಲಿ ನಿಂತು ಎಲ್ಲರಿಗೂ ಹೇಳಿದರು. ಬೀರುವಿನ ಕೀ ಇದ್ದದ್ದು ಅವರ ಹತ್ತಿರ ಮತ್ತು ನನ್ನ ಹತ್ತಿರ.

ನನಗೆ ತಡೆಯಲಾಗಲಿಲ್ಲ. ಫಿಲ್ಟರಿಗೆ ಪೂಜೆ, ಬೆಳ್ಳಿಯ ಕೆಲಸಕ್ಕಿಲ್ಲ! ಎಲ್ಲರೂ ಮುಂದೆ ಪುರಿ, ಬಾಳೆಹಣ್ಣಿಗೆ ಕೈಯೊಡ್ಡಿ ನಿಂತಿದ್ದಾಗ ಬೀರು ತೆಗೆದು, ಕೆಳಬಟ್ಟಲಿನ ಹೊರಮೈಗೆ, ಅಂಚಿನ ಪಕ್ಕದಲ್ಲಿ, ಕುಂಕುಮದ ಒಂದು ಬೊಟ್ಟಿಟ್ಟು ಕೈಮುಗಿದೆ. ಸಾಸಿವೆಕಾಳಿನಷ್ಟು. ಮರುದಿನ ಒರೆಸಿಬಿಟ್ಟೆ. ಪುಡಿ ಒಳಗೆ ಉದುರಿದ್ದರೆ ಎಂದು ಗ್ರೂವನ್ನೂ ಮತ್ತೆ ಸ್ಪಿರಿಟ್ಟಿನಲ್ಲಿ ತೊಳೆಯಬೇಕಿತ್ತು. ತೊಳೆದರೆ ಯಾಕೆಂದು ಕೇಳುತ್ತಾರೆ. ತೊಳೆಯಲಿಲ್ಲ.

ಟೆಸ್ಟಿನ ದಿನ ಚೇಂಬರಿನಲ್ಲಿ ಕಾವು ಏರಿತು, ಒತ್ತಡವೂ ಏರಿತು. ಇಪ್ಪತ್ತು ನಿಮಿಷಕ್ಕೆಲ್ಲ ಗೋಳ ಸೋರತೊಡಗಿತು. ತಣ್ಣಗಾದ ಮೇಲೆ ಬಿಚ್ಚಿ ನೋಡಿದರೆ, ಉಂಗುರದ ಕೆಳಗೆ ಗ್ರೂವಿನಲ್ಲಿ ಒಂದು ಕರಕಲು ಚುಕ್ಕೆ. ಮೇಸ್ತ್ರಿ ಅದನ್ನು ಉಗುರಿನಿಂದ ಕೆರೆದರು, ನನ್ನ ಮುಖ ನೋಡಿದರು.

“ಯಾರ್ರೀ ಇದನ್ನ ಮುಟ್ಟಿದ್ದು?” ಎಂದು ಮಾಲೀಕರು ಕೂಗಿದರು.

“ನಂದೇ ತಪ್ಪು ಸಾ” ಎಂದರು ಮೇಸ್ತ್ರಿ. “ಅಬ್ಬದ್ ದಿನ ಕುಂಕ್ಮದ್ ಕೈಲೇ ಮುಟ್ಬುಟ್ಟೆ.”

ಆಗಲೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಮಾಲೀಕರು ಅವರಿಂದ ಕೀ ಇಸಿದುಕೊಂಡು, ಹಿಂದಿನ ಕೋಣೆಗೆ ಕಾಲಿಡಬೇಡಿ ಎಂದು ಹೇಳಿ, ಪಂಪ್ ಶಾಫ್ಟಿನ ಲೇತಿಗೆ ಹಾಕಿದರು. ಒಂದು ತಿಂಗಳು ಅಲ್ಲಿ ತಲೆ ತಗ್ಗಿಸಿಕೊಂಡು ದುಡಿದು, ಯಾರಿಗೂ ಹೇಳದೆ ಅವರು ಕೆಲಸ ಬಿಟ್ಟುಹೋದರು.

ಆಮೇಲೆ ಅದೇ ಗೋಳವನ್ನು ತೊಳೆದು, ಹೊಸ ಉಂಗುರ ಕೂರಿಸಿ, ಮತ್ತೆ ಚೇಂಬರಿಗೆ ಇಟ್ಟೆವು. ಎರಡು ಗಂಟೆ ದಾಟಿ ಇನ್ನೂ ಅರ್ಧ ಗಂಟೆ ತಡೆಯಿತು. ಎಲ್ಲರೂ ನನ್ನ ಕೈ ಕುಲುಕಿದರು. ನಾಚಿಕೆಗೆಟ್ಟವಳು, ಮೈಸೂರುಪಾಕು ತರಿಸಿ ಹಂಚಿದೆ.

ನಿಜ ಹೇಳಲು ನನಗೆ ಎರಡು ವರ್ಷ ಬೇಕಾಯಿತು. ಆ ಸುಡುವ ನೆಲಕ್ಕೆ ಇಳಿದ ಯಂತ್ರಗಳು ಒಂದೆರಡು ಗಂಟೆಯಲ್ಲೇ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ್ದವು. ನಾನು ಮಾತ್ರ ತಣ್ಣಗಿನ ಹಾಸನದಲ್ಲಿ ಕೂತು ಒಂದು ಮಾತು ಆಡಲಾರದೆ ಹೋದೆ.

ಮೇಸ್ತ್ರಿ ಅರಕಲಗೂಡಿನಲ್ಲಿ ಒಂದು ಸಣ್ಣ ಲೇತ್ ಅಂಗಡಿಯಲ್ಲಿದ್ದಾರೆಂದು ಗೊತ್ತಾಗಿ ಒಂದು ಭಾನುವಾರ ಬೆಳಿಗ್ಗೆ ಹೋದೆ. ಟ್ರ್ಯಾಕ್ಟರಿನ ಪಿನ್ನು ಕಡೆಯುತ್ತಿದ್ದರು. ಹಣ್ಣಿನ ಚೀಲವನ್ನು ಕೆಳಗೂ ಇಡದೆ, “ಮೇಸ್ತ್ರಿ, ಅವತ್ತು ಕುಂಕುಮ ಇಟ್ಟೋಳು ನಾನು” ಎಂದುಬಿಟ್ಟೆ. ಅಳು ಬಂತು.

“ಗೊತ್ತು ಕಣವ್ವ” ಎನ್ನುತ್ತ ಅವರು ಲೇತ್ ನಿಲ್ಲಿಸಿದರು. “ಕೀ ಇದ್ದಿದ್ದು ಇಬ್ರತ್ರ. ನಾನಿಟ್ಟಿಲ್ಲ ಅಂದ್ಮೇಲೆ ಇನ್ಯಾರು? ನೀನು ಸೇರಿ ಇನ್ನೂ ಆರೇ ತಿಂಗ್ಳಾಗಿತ್ತು, ಗೊತ್ತಾಗಿದ್ರೆ ನಿನ್ನ ಕಳ್ಸೇಬುಡೋರು.”

ಕ್ಷಮೆ ಕೇಳಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವರಿಗೆ ಅದು ಬೇಕಿರಲಿಲ್ಲ. ಎಣ್ಣೆಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ, ನನ್ನ ಕಡೆ ನೋಡದೆ ಕೇಳಿದರು: “ಆಮೇಲೆ ಆ ಗೋಳ ಏನಾಯ್ತು? ಬ್ಯಾರೆ ಯಾರ್ ಕೈಲಾದ್ರೂ ಗ್ರೂವ್ ವೊಡ್ಸುದ್ರಾ?”

“ಇಲ್ಲ ಮೇಸ್ತ್ರಿ. ನೀವು ಕೊರೆದಿದ್ದೇ. ಎರಡೂವರೆ ಗಂಟೆ ತಡೀತು.”

ಅವರು ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟರು.

“ಯಾರೂ ಯೋಳ್ಳೇ ಇಲ್ವಲ್ಲವ್ವ” ಎಂದರು. “ಕುಂಕ್ಮ ಬರೀ ನೆಪ, ನನ್ ಕೈಯೇ ಸೋತಿತ್ತೇನೋ ಅನ್ಕಂಡಿದ್ದೆ.”

ಎಣ್ಣೆಬಟ್ಟೆ ಹಿಡಿದಿದ್ದ ಆ ಕೈಯನ್ನು ಆಗ ನೋಡಿದೆ. ಕಿರುಬೆರಳಿನ ಉಗುರನ್ನು ಅವರು ಮಿಕ್ಕ ಬೆರಳುಗಳ ಹಾಗೆಯೇ ಗಿಡ್ಡಕ್ಕೆ ಕತ್ತರಿಸಿಕೊಂಡಿದ್ದರು.